ಕಾರಂಜಿ ಮತ್ತು ಅರವಟ್ಟಿಗೆ

ಮುಂಬಯಿಯ ಉಪನಗರವೊಂದರಲ್ಲಿ ನಾಲ್ಕು ರಸ್ತೆಗಳು ಕೂಡುವ ಕಡೆ ಒಂದು ಕಲಾಕೃತಿಯನ್ನು ನಿಲ್ಲಿಸುವ ಬಗ್ಗೆ ಸ್ಥಳೀಯರ ಅಭಿಪ್ರಾಯ ಕೇಳಲೆಂದು ಕರೆದಿದ್ದ ಸಭೆಗೆ ಕೆಲವು ತಿಂಗಳ ಹಿಂದೆ ನಾನೂ ಹೋಗಿದ್ದೆ. ಕೃತಿಯ ವಿಷಯ 'ಜಲ' ಎಂಬುದು ಮೊದಲೇ ನಿಶ್ಚಯವಾಗಿತ್ತು. ಪರದೆಯ ಮೇಲೆ ತೋರಿಸಿದ ನಕ್ಷೆಯಲ್ಲಿ ಎರಡು ಬೃಹತ್ ಅಂಗೈಗಳು, ಅವುಗಳ ನಡುವೆ ಉಕ್ಕಿನದೊಂದು ನೀರಹನಿ, ಸುತ್ತಲೂ ಕಾರಂಜಿ, ಕಾರಂಜಿಗೆ ಬಣ್ಣ ಬದಲಿಸುವ ದೀಪಗಳು. ನೆರೆದವರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಹನಿಯ ಎತ್ತರ ಇನ್ನೂ ಹೆಚ್ಚಿರಲಿ ಎಂದು ಒಬ್ಬರು, ಕೆಳಗೆ ಡಾಲ್ಫಿನ್ನುಗಳಿರಲಿ ಎಂದು ಇನ್ನೊಬ್ಬರು ಸೂಚಿಸಿದರು. ಆಗ ಹಿಂದಿನ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಮರಾಠಿಯಲ್ಲಿ ಕೇಳಿದಳು: "ಸಾಹೇಬ, ಇದರಲ್ಲಿ ಕುಡಿಯುವ ನೀರು ಬರುತ್ತದೆಯೆ?" ಸಭೆ ನಕ್ಕಿತು. ಅಧಿಕಾರಿಗಳು ಮಾತ್ರ ನಗದೆ, ಸೌಜನ್ಯದಿಂದಲೇ, "ಬಾಯಿ, ಇದು ಶೋಭೆಗೆ, ಕುಡಿಯುವುದಕ್ಕಲ್ಲ" ಎಂದು ಉತ್ತರಿಸಿದರು.

ಸಭೆ ಮುಗಿದ ಮೇಲೆ ಆಕೆ ತನ್ನ ಜೊತೆಯವಳೊಡನೆ ಮಾತಾಡುತ್ತಿದ್ದುದು ಕನ್ನಡದಲ್ಲಿ ಎಂದು ತಿಳಿದು ಹತ್ತಿರ ಹೋದೆ. ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲಿಯೇ ಉಳಿದ ಕುಟುಂಬದವಳು. "ನೀರ ಕೇಳಿದ್ರ ನಗತಾರಲ್ರೀ ಅಣ್ಣಾರ, ನಾ ಏನ್ ತಪ್ಪ ಕೇಳಿದ್ನಿ?" ಎಂದಳು. ಅವಳು ತಪ್ಪು ಕೇಳಿರಲಿಲ್ಲ. ಅಂದು ಆ ಸಭೆಯಲ್ಲಿ ಕಲೆಯ ಬಗ್ಗೆ ಎದ್ದ ಒಂದೇ ಸರಿಯಾದ ಪ್ರಶ್ನೆ ಅದು ಎಂಬ ನನ್ನ ಅಭಿಪ್ರಾಯವನ್ನು ಓದುಗರ ಮುಂದೆ ಇಡುವುದಕ್ಕಾಗಿ ಈ ಲೇಖನ.

ನಗರಗಳು ಈಗ ಅಲಂಕಾರದ ಉತ್ಸಾಹದಲ್ಲಿವೆ. 2022ರ ಕೊನೆಯಲ್ಲಿ ಜಿ-20 ಸಭೆಗಳ ಸಂದರ್ಭದಲ್ಲಿ ಮುಂಬಯಿಯ ಕಂಬಗಳಿಗೂ ಮರಗಳಿಗೂ ದೀಪಗಳನ್ನು ಸುತ್ತಿದ್ದು, ಗಣ್ಯರು ಸಾಗುವ ರಸ್ತೆಗಳ ಬದಿಯ ಕೊಳೆಗೇರಿಗಳನ್ನು ಪರದೆಗಳಿಂದ ಮರೆಮಾಡಿದ್ದು ಪತ್ರಿಕೆಗಳಲ್ಲಿ ಬಂದ ಸಂಗತಿ. ಆ ಹೊತ್ತಿನಲ್ಲಿ ಮಹಾನಗರಪಾಲಿಕೆ ಕೈಗೆತ್ತಿಕೊಂಡ ಸೌಂದರ್ಯೀಕರಣದ ಯೋಜನೆ ಸುಮಾರು 1,700 ಕೋಟಿ ರೂಪಾಯಿಗಳದು. ಇಂಥ ಯೋಜನೆಗಳಲ್ಲಿ ನೀರು ಬಹಳ ಅನುಕೂಲದ ವಿಷಯ. ಯಾವ ಜಾತಿಯವರೂ ಪಕ್ಷದವರೂ ಆಕ್ಷೇಪಿಸಲಾರರು. ಪುತ್ಥಳಿ ಯಾರದಿರಬೇಕೆಂಬ ಜಗಳವಿಲ್ಲ. 'ನೀರೇ ಜೀವನ' ಎಂಬ ಫಲಕವನ್ನು ಯಾವ ಭಾಷೆಯಲ್ಲಿ ಬರೆದರೂ ನಡೆಯುತ್ತದೆ. ಯಾರಿಗೂ ನೋವಾಗದ ವಿಷಯವೆಂದು ಇದನ್ನು ಆರಿಸಿಕೊಳ್ಳುತ್ತಾರೆ. ಆದರೆ ಈ ದೇಶದಲ್ಲಿ ನೀರಿನಷ್ಟು ನೋವು ತುಂಬಿದ ವಿಷಯ ಇನ್ನೊಂದಿದೆಯೆ?

ಮುಂಬಯಿಗೆ ಜಲಕಲೆ ಹೊಸದಲ್ಲ. ವಿಹಾರ ಕೆರೆಯ ನೀರು 1860ರಲ್ಲಿ ಕೊಳವೆಯ ಮೂಲಕ ಊರಿಗೆ ಹರಿದ ಮೇಲಿನ ದಶಕಗಳಲ್ಲಿ ನಗರದ ಬೀದಿಗಳಲ್ಲಿ ಪ್ಯಾವುಗಳು ಎದ್ದವು. ಮರಾಠಿಯಲ್ಲಿ ಪಾಣಪೋಯಿ ಎಂದರೂ ಹಿಂದಿ-ಗುಜರಾತಿಗಳಲ್ಲಿ ಪ್ಯಾವು ಎಂದರೂ ಕನ್ನಡದಲ್ಲಿ ಅರವಟ್ಟಿಗೆ ಎಂದರೂ ವಸ್ತು ಒಂದೇ: ದಾರಿಹೋಕನಿಗೆ ಬೆಲೆಯಿಲ್ಲದೆ ನೀರು. ಮಸೀದಿ ಬಂದರಿನ ಭಾತ್ ಬಜಾರಿನಲ್ಲಿ ಕಚ್ಛೀ ವರ್ತಕ ಕೇಶವಜೀ ನಾಯಕ್ ಕಟ್ಟಿಸಿದ, ಗಡಿಯಾರ ಗೋಪುರ ಹೊತ್ತ ನೀರಿನ ಮಂಟಪ 1876ರದು. ಟಪಾಲು ಮುಖ್ಯ ಕಚೇರಿಯ ಸಮೀಪ ಫೋರ್ಟಿನಲ್ಲಿರುವ ರತನ್ಸೀ ಮೂಲ್ಜೀ ಕಾರಂಜಿಯನ್ನು ವಿಕ್ಟೋರಿಯಾ ಟರ್ಮಿನಸ್ಸಿನ ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ. ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡ ಒಬ್ಬನೇ ಮಗನ ನೆನಪಿಗೆ ಅರಳೆ ವರ್ತಕನೊಬ್ಬ 1894ರಲ್ಲಿ ಊರಿಗೆ ಕೊಟ್ಟ ಕೃತಿ ಅದು. ತುದಿಯಲ್ಲಿ ಪುಸ್ತಕ ಹಿಡಿದ ಬಾಲಕನಿದ್ದಾನೆ. ಜೀರ್ಣೋದ್ಧಾರದ ನಂತರ 2018ರಲ್ಲಿ ಅದಕ್ಕೆ ಯುನೆಸ್ಕೊದ ಮನ್ನಣೆಯೂ ದೊರೆಯಿತು.

ಈ ಪ್ಯಾವುಗಳನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಮನುಷ್ಯರ ಕೈಗೆಟುಕುವ ಎತ್ತರದಲ್ಲಿ ನಲ್ಲಿ, ಅದರ ಕೆಳಗೆ ದನ-ಕುದುರೆಗಳಿಗೆ ಕಲ್ಲಿನ ತೊಟ್ಟಿ, ಕೆಲವೆಡೆ ಹಕ್ಕಿಗಳಿಗೂ ನಾಯಿಗಳಿಗೂ ಸಣ್ಣ ಬೋಗುಣಿ. ಕೆತ್ತನೆ ಹೀಗೆ ಬಾಯಾರಿಕೆಯ ಲೆಕ್ಕವನ್ನು ಅನುಸರಿಸಿದೆ. ದುಃಖಿತನಾದ ತಂದೆಗೆ ಮಗನ ಅಮೃತಶಿಲೆಯ ವಿಗ್ರಹವನ್ನಷ್ಟೇ ನಿಲ್ಲಿಸುವ ಶಕ್ತಿಯಿತ್ತು. ಅವನು ಮಗನನ್ನು ನೀರಿನ ಮೇಲೆ ನಿಲ್ಲಿಸಿದ. ಹಮಾಲಿಯೊಬ್ಬ ಬೊಗಸೆ ಒಡ್ಡಿದಾಗಲೆಲ್ಲ ಆ ಹುಡುಗನ ಸ್ಮರಣೆ ನಡೆಯಿತು. ಸಾರ್ವಜನಿಕ ಕಲೆಯೆಂದರೆ ಇದು.

ಎತ್ತಿನ ಗಾಡಿ, ಕುದುರೆ ಗಾಡಿಗಳು ಹೋದವು, ರಸ್ತೆಗಳು ಅಗಲವಾದವು, ಬಾಟಲಿಯಲ್ಲಿ ನೀರು ಮಾರಾಟಕ್ಕೆ ಬಂತು. ಬಹುಪಾಲು ಪ್ಯಾವುಗಳು ಒಣಗಿದವು. ಕೆಲವು ಪಾನಬೀಡಾ ಅಂಗಡಿಗಳ ಹಿಂದೆ ಅಡಗಿದವು, ಕೆಲವು ಕಸದ ತೊಟ್ಟಿಗಳಾದವು. ಇತ್ತೀಚಿನ ವರ್ಷಗಳಲ್ಲಿ ಪರಂಪರೆಯ ಕಾಳಜಿಯುಳ್ಳ ವಾಸ್ತುಶಿಲ್ಪಿಗಳೂ ಪಾಲಿಕೆಯೂ ಸೇರಿ ಕೆಲವನ್ನು ಮತ್ತೆ ಜೀವಂತಗೊಳಿಸಿದ್ದಾರೆ. ಇದು ಸ್ತುತ್ಯರ್ಹ. ಆದರೆ ಹಳೆಯದನ್ನು ಉಳಿಸುವಾಗ ನಮಗಿರುವ ವಿವೇಕ ಹೊಸದನ್ನು ಕಟ್ಟುವಾಗ ಎಲ್ಲಿಗೆ ಹೋಗುತ್ತದೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ಬದಿಗೆ ಸರಿಸುವಂತಿಲ್ಲ. ಕಲೆಗೆ ಉಪಯೋಗದ ಹೊರೆ ಹೊರಿಸುವುದು ಸರಿಯೆ? ನಲ್ಲಿಯ ಕೆಲಸವನ್ನು ನಲ್ಲಿ ಮಾಡಲಿ, ಶಿಲ್ಪದ ಕೆಲಸವನ್ನು ಶಿಲ್ಪ ಮಾಡಲಿ ಎಂದು ಕಲಾವಿದ ಮಿತ್ರರು ಹೇಳಬಹುದು. ಅವರ ಪರವಾಗಿ ಫ್ಲೋರಾ ಫೌಂಟನ್ನೇ ಸಾಕ್ಷಿ ನುಡಿಯುತ್ತದೆ. ಹಳೆಯ ಕೋಟೆಯ ಚರ್ಚ್‌ಗೇಟ್ ಇದ್ದ ಜಾಗದಲ್ಲಿ 1864ರಲ್ಲಿ ಎದ್ದ ಈ ಕಾರಂಜಿಯನ್ನು ರಿಚರ್ಡ್ ನಾರ್ಮನ್ ಷಾ ರೂಪಿಸಿ ಜೇಮ್ಸ್ ಫೋರ್ಸಿತ್ ಕೆತ್ತಿದ. ಕಲ್ಲು ಇಂಗ್ಲೆಂಡಿನ ಪೋರ್ಟ್‌ಲೆಂಡಿನದು. ಮೇಲೆ ನಿಂತಿರುವವಳು ರೋಮನರ ಪುಷ್ಪದೇವತೆ. ಮೊದಲು ಇದನ್ನು ವಿಕ್ಟೋರಿಯಾ ಉದ್ಯಾನದಲ್ಲಿಡಬೇಕೆಂದಿತ್ತು. ಯಾರ ದಾಹವನ್ನೂ ತಣಿಸಲೆಂದು ಕಟ್ಟಿದ್ದಲ್ಲ. ಆದರೂ ಅದು ಮುಂಬಯಿಯ ಹೃದಯವಾಯಿತು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಫೋರ್ಟಿನ ರಾತ್ರಿಶಾಲೆಗೆ ಓಡುತ್ತಿದ್ದ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಕನ್ನಡದ ಹುಡುಗರಿಗೆ ನಗರದ ಮೊದಲ ಸೌಂದರ್ಯದರ್ಶನ ಅದೇ ಆಗಿರಬೇಕು.

ಸೌಂದರ್ಯವೂ ಒಂದು ಹಸಿವು, ಬಡವನಿಗೂ ಅದರ ಹಕ್ಕುಂಟು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಫ್ಲೋರಾ ಫೌಂಟನ್ನಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಗುಂಡಿಗೆ ಬಲಿಯಾದವರ ನೆನಪಿಗೆ ಆ ಚೌಕಕ್ಕೆ 1960ರಲ್ಲಿ ಹುತಾತ್ಮ ಚೌಕವೆಂದು ಹೆಸರಾಯಿತು. ಪುಷ್ಪದೇವತೆಯ ಪಕ್ಕದಲ್ಲಿ ಜ್ಯೋತಿ ಹಿಡಿದ ರೈತ-ಕಾರ್ಮಿಕರ ಶಿಲ್ಪ ಬಂತು. ಜನ ತಮ್ಮ ರಕ್ತದ ನೆನಪನ್ನು ಸೇರಿಸಿದ ಮೇಲೆ ಆ ಸ್ಥಳಕ್ಕೆ ಪೂರ್ಣವಾದ ಅರ್ಥ ಬಂತು. ಕಾರಂಜಿಯಾದರೋ ವರ್ಷಗಟ್ಟಲೆ ಒಣಗಿ ನಿಂತು, ದುರಸ್ತಿಯಾಗಿ 2019ರ ಜನವರಿಯಲ್ಲಿ ಮತ್ತೆ ಹರಿಯಿತು. ನಗರದ ಅತ್ಯಂತ ಪ್ರಸಿದ್ಧ ಕಾರಂಜಿಯ ಗತಿಯೇ ಇದಾದರೆ ಉಪನಗರದ ಉಕ್ಕಿನ ಹನಿಯ ಗತಿ ಏನಾದೀತು? ಉದ್ಘಾಟನೆಯ ವಾರ ಚಿಮ್ಮಿ, ಮೊದಲ ಮಳೆಗಾಲಕ್ಕೆ ಪಂಪು ಕೆಟ್ಟು, ಎರಡನೆಯ ವರ್ಷ ಸೊಳ್ಳೆಗಳ ತವರಾದ ಕಾರಂಜಿಗಳನ್ನು ನಾವೆಲ್ಲ ಕಂಡಿದ್ದೇವೆ. ನೀರಿಲ್ಲದ ಕಾರಂಜಿಯಂಥ ಕುರೂಪ ಬೇರೊಂದಿಲ್ಲ.

ಅರವಟ್ಟಿಗೆಯ ಗುಣಗಾನ ಮಾಡುವ ನಾವು ನಮ್ಮ ಪರಂಪರೆಯ ಬಗ್ಗೆಯೂ ಪ್ರಾಮಾಣಿಕರಾಗಿರಬೇಕು. ಶಾಸನಗಳ ಕಾಲದಿಂದ ಕನ್ನಡನಾಡಿನಲ್ಲಿ ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಟ್ಟಿಗೆ ಇಡುವುದು ಪುಣ್ಯದ ಕೆಲಸಗಳು. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ ನಿಂತವರಿಗೆ ನೀರಿಗೆ ಇಳಿಯುವ ದಾರಿಯನ್ನೇ ನಮ್ಮ ಶಿಲ್ಪಿಗಳು ದೇಗುಲವಾಗಿಸಿದ್ದು ಕಾಣುತ್ತದೆ. ಆದರೆ ಆ ಮೆಟ್ಟಿಲುಗಳನ್ನು ಎಲ್ಲರೂ ಇಳಿಯುವಂತಿರಲಿಲ್ಲ. ಅರವಟ್ಟಿಗೆಯಲ್ಲೂ ಕೆಲವರಿಗೆ ಲೋಟ, ಕೆಲವರಿಗೆ ಮೇಲಿನಿಂದ ಸುರಿದ ಧಾರೆ. ಸಾರ್ವಜನಿಕ ಕೆರೆ-ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ಠರಾವು ಮಾಡಿತ್ತು. ಕಾಗದದ ಮೇಲಿನ ಆ ನೀರನ್ನು ಬೊಗಸೆಗೆ ತರಲು 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಗೆ ನಡೆದು ಹೋಗಬೇಕಾಯಿತು. ಕುಡಿದದ್ದಕ್ಕೆ ಜನ ಪೆಟ್ಟು ತಿಂದರು; ಕೆರೆಯನ್ನು ಸವರ್ಣರು 'ಶುದ್ಧಿ' ಮಾಡಿದರು. ಈ ನೆಲದಲ್ಲಿ ನೀರಿನ ಬಗ್ಗೆ ಕಲಾಕೃತಿ ಮಾಡುವವನು ಮಹಾಡವನ್ನು ಮರೆತು ಬರೀ ಹನಿಯನ್ನು ಕೆತ್ತಲು ಹೇಗೆ ಸಾಧ್ಯ? ಬೀದಿಯ ನಲ್ಲಿ ಯಾರ ಕುಲವನ್ನೂ ಕೇಳುವುದಿಲ್ಲ. ಪ್ಯಾವಿನ ನಿಜವಾದ ಆಧುನಿಕತೆ ಇರುವುದು ಅಲ್ಲಿಯೇ.

ಆ ಹೆಂಗಸಿನ ಪ್ರಶ್ನೆಯ ಹಿಂದೆ ಕಾನೂನಿನ ಇನ್ನೊಂದು ಕಥೆಯೂ ಇದೆ. ಇಂತಿಷ್ಟು ವರ್ಷಕ್ಕಿಂತ ಮುಂಚೆ ಕಟ್ಟಿದ ಗುಡಿಸಲಿಗೆ ಮಾತ್ರ ನಲ್ಲಿ ಸಂಪರ್ಕ ಎಂಬ ನಿಯಮದ ವಿರುದ್ಧ ಪಾನೀ ಹಕ್ ಸಮಿತಿ ನ್ಯಾಯಾಲಯಕ್ಕೆ ಹೋಯಿತು. ನೀರು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗ, ಗುಡಿಸಲು ಅಕ್ರಮವೆಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ ಎಂದು 2014ರ ಡಿಸೆಂಬರಿನಲ್ಲಿ ಮುಂಬಯಿ ಹೈಕೋರ್ಟು ಹೇಳಿತು. ಎಲ್ಲರಿಗೂ ನೀರು ಎಂಬ ನೀತಿಯನ್ನು ಪಾಲಿಕೆ 2022ರಲ್ಲಿ ಪ್ರಕಟಿಸಿತು. ಕಾಗದದಿಂದ ಬೊಗಸೆಗೆ ಇರುವ ದೂರ ಮಾತ್ರ 1923ರಲ್ಲಿ ಇದ್ದಂತೆಯೇ ಇನ್ನೂ ಉದ್ದವಾಗಿದೆ. ನಲ್ಲಿಯಿಲ್ಲದವನು ನಲ್ಲಿಯಿದ್ದವನಿಗಿಂತ ಹೆಚ್ಚಿನ ಬೆಲೆ ತೆತ್ತು ಕೊಡಗಳಲ್ಲಿ ನೀರು ಕೊಳ್ಳುವ ನಗರ ಇದು.

ಇನ್ನು ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಮುಂಬಯಿ ದಿನಕ್ಕೆ 400 ಕೋಟಿ ಲೀಟರಿಗೆ ಸಮೀಪದಷ್ಟು ನೀರು ತರಿಸುತ್ತದೆ. ವಿಹಾರ, ತುಳಸಿ ಎಂಬೆರಡು ಸಣ್ಣ ಕೆರೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ತಾನಸಾ, ವೈತರಣಾ, ಭಾತ್ಸಾ ನದಿಗಳದು. ಸಹ್ಯಾದ್ರಿಯ ತಪ್ಪಲಿನಿಂದ ದೈತ್ಯ ಕೊಳವೆಗಳಲ್ಲಿ ಅದು ನಗರಕ್ಕೆ ಸಾಗಿ ಬರುತ್ತದೆ. ಅಣೆಕಟ್ಟುಗಳಿರುವ ಶಹಾಪುರ ತಾಲೂಕಿನ ಆದಿವಾಸಿ ಪಾಡಿಗಳಲ್ಲಿ ಬೇಸಗೆ ಬಂತೆಂದರೆ ಟ್ಯಾಂಕರಿಗೆ ಕಾಯುವುದು ವರ್ಷವರ್ಷದ ಸುದ್ದಿ. ವಿಚಿತ್ರವೆಂದರೆ ಅದೇ ಬೆಟ್ಟದ ಸೀಮೆಯ ವಾರ್ಲಿ ಚಿತ್ರಕಲೆ ಈಗ ನಗರದ ಗೋಡೆಗಳ ಮೇಲಿನ ಮೆಚ್ಚಿನ ಅಲಂಕಾರ: ತಲೆಯ ಮೇಲೆ ಕೊಡ ಹೊತ್ತು ಸಾಲಾಗಿ ನಡೆವ ಬಿಳಿಯ ರೇಖೆಯ ಹೆಂಗಸರು. ಅವರ ನೀರನ್ನು ಕೊಳವೆಯಲ್ಲಿ ತಂದೆವು. ನೀರಿಗಾಗಿ ಅವರು ನಡೆಯುವ ನಡಿಗೆಯನ್ನು ಚಿತ್ರದಲ್ಲಿ ತಂದೆವು.

ನೀರಿಗೆ ಯಾರೋ ಬೆಲೆ ತೆತ್ತಿರುತ್ತಾರೆ ಎಂಬ ಅರಿವು ಕನ್ನಡಿಗರಿಗೆ ಹೊಸದಲ್ಲ. ಕೆರೆಗೆ ನೀರು ಬರಲೆಂದು ಸೊಸೆ ಭಾಗೀರಥಿಯನ್ನು ಬಲಿಕೊಟ್ಟ 'ಕೆರೆಗೆ ಹಾರ'ದ ಕಥೆಯನ್ನು ನಮ್ಮ ಹೆಣ್ಣುಮಕ್ಕಳು ಹಾಡಿ ಉಳಿಸಿಕೊಂಡು ಬಂದರು. ಕಟ್ಟಿಸಿದ ಗೌಡನ ಕೀರ್ತಿಗಾಗಿ ಅವರು ಅದನ್ನು ಹಾಡಲಿಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಇನ್ನೊಂದು ಬಗೆಯ ಪಾಠ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆಗಬಾರದ ಆರು ದೋಷಗಳನ್ನೂ ಅದು ಹೆಸರಿಸುತ್ತದೆ. ಸಾವಿರ ಆಳುಗಳು, ನೂರು ಬಂಡಿಗಳು, ಎರಡು ವರ್ಷ ದುಡಿದರೆಂಬ ಲೆಕ್ಕವನ್ನೂ ಕೊಡುತ್ತದೆ. ಕೆರೆಯ ಬಳಿ ನಿಂತು ಓದಿದವನಿಗೆ ಇದು ಹೇಗೆ ಆಯಿತು, ಹೇಗೆ ಕೆಡಬಹುದು ಎಂಬುದು ತಿಳಿಯುತ್ತಿತ್ತು. ಇಂದಿನ ಫಲಕಗಳಲ್ಲಿ ತಿಳಿಯುವುದು ಉದ್ಘಾಟಿಸಿದವರ ಹೆಸರು ಮಾತ್ರ.

ನೀರು ಬರಿಯ ಕೊರತೆಯಲ್ಲ, ಅದು ವಿಪತ್ತೂ ಹೌದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು, ನಾವು ಕೊಚ್ಚೆಕಾಲುವೆಯೆಂದೇ ತಿಳಿದಿದ್ದ ಮೀಠಿ ತಾನು ನದಿಯೆಂದು ನೆನಪಿಸಿತು. ನೂರಾರು ಜನ ಸತ್ತರು. ಅಂದು ನೀರು ಏರಿದ ಮಟ್ಟವನ್ನು ಕುರ್ಲಾದಲ್ಲೋ ಕಲೀನಾದಲ್ಲೋ ಗೋಡೆಯ ಮೇಲೆ ಒಂದು ನೀಲಿ ಗೆರೆಯಾಗಿ ಎಳೆದು ದಿನಾಂಕ ಬರೆದರೆ ಸಾಕು. ಉಕ್ಕಿನ ಹನಿಗಿಂತ ಅದು ದೊಡ್ಡ ಜಲಕಲೆ. ಸೇತುವೆಯ ಕಂಬಗಳ ಮೇಲೆ ನೆರೆಯ ಮಟ್ಟವನ್ನು ಗುರುತಿಸುವ ನಮ್ಮೂರ ರೂಢಿಗಿಂತ ಹೆಚ್ಚಿನ ಕಲ್ಪನೆಯೂ ಇದಕ್ಕೆ ಬೇಕಿಲ್ಲ.

ಯಾರೂ ಒಪ್ಪಿಸದೆ, ಯಾರ ಟೆಂಡರೂ ಇಲ್ಲದೆ ಇಂಥ ಕಲೆ ಹುಟ್ಟಿದ್ದೂ ಉಂಟು. 2015ರಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಯಲ್ಲಿ ನೀರು ನಿಂತ ದೊಡ್ಡ ಗುಂಡಿಯೊಳಗೆ ಕಲಾವಿದ ಬಾದಲ್ ನಂಜುಂಡಸ್ವಾಮಿ ಆಳೆತ್ತರದ ಮೊಸಳೆಯೊಂದನ್ನು ಇಳಿಬಿಟ್ಟರು. ಜನ ನಕ್ಕರು, ನಿಂತು ನೋಡಿದರು, ಪಾಲಿಕೆ ಗುಂಡಿಯತ್ತ ಗಮನ ಹರಿಸಿತು. ಮೈಸೂರಿನಲ್ಲಿ ಕಲಿತ ಒಬ್ಬ ಕಲಾವಿದ ಸ್ವಂತ ಖರ್ಚಿನಿಂದ ಮಾಡಿದ್ದನ್ನು ಕೋಟಿಗಳ ಯೋಜನೆ ಏಕೆ ಮಾಡಲಾರದು? ಏಕೆಂದರೆ ಮೊಸಳೆ ಆ ಸ್ಥಳದ ಸತ್ಯವನ್ನು ಹೇಳಿತು. ಅಂಗೈಯ ಮೇಲಿನ ಹನಿ ಯಾವ ಊರಿಗಾದರೂ ಸಲ್ಲುವ, ಆದ್ದರಿಂದ ಯಾವ ಊರಿನದೂ ಅಲ್ಲದ ಮಾತು.

ದೋಷ ಕಲಾವಿದರದಷ್ಟೇ ಅಲ್ಲ. ಕೃತಿಯನ್ನು ಒಪ್ಪಿಸುವ ಕ್ರಮದಲ್ಲಿದೆ. ಮೇಲ್ಸೇತುವೆ ಕಟ್ಟುವ ಗುತ್ತಿಗೆಯ ಬಾಲದಲ್ಲಿ 'ಶಿಲ್ಪ: ಒಂದು' ಎಂದು ಸೇರಿಸಿ, ಕಡಿಮೆ ದರ ಕೂಗಿದವನಿಗೆ ಕೊಟ್ಟರೆ ಫೈಬರ್ ಗ್ಲಾಸಿನ ಡಾಲ್ಫಿನ್ ಅಲ್ಲದೆ ಮತ್ತೇನು ಬಂದೀತು? ಆದ್ದರಿಂದ ಬೀದಿಯಲ್ಲಿ ಜಲಕಲೆ ನಿಲ್ಲಿಸುವ ಯಾವುದೇ ಪಾಲಿಕೆಯ ಮುಂದೆ ನಾಲ್ಕು ಷರತ್ತುಗಳನ್ನು ಇಡಬಯಸುತ್ತೇನೆ.

ಮೊದಲನೆಯದು, ಕೃತಿ ಕುಡಿಯುವ ನೀರು ಕೊಡಬೇಕು. ರೂಪ ಹೇಗಾದರೂ ಇರಲಿ, ಶೈಲಿ ಎಷ್ಟೇ ನವೀನವಿರಲಿ, ಮಗುವಿಗೂ ಗಾಲಿಕುರ್ಚಿಯವನಿಗೂ ಬೀದಿನಾಯಿಗೂ ಎಟುಕುವ ನೀರು ಅಲ್ಲಿ ಇರಲಿ. ಎರಡನೆಯದು, ಆ ನೀರು ಯಾವ ನದಿಯದು, ಯಾವ ಅಣೆಕಟ್ಟಿನದು, ಅದಕ್ಕಾಗಿ ಯಾವ ಊರುಗಳು ನೆಲ ಬಿಟ್ಟವು ಎಂಬುದನ್ನು ಕೃತಿಯ ಮೇಲೆಯೇ ಬರೆಯಬೇಕು; ಉದ್ಘಾಟಕರ ಹೆಸರಿಗೆ ಜಾಗ ಉಳಿಯದಿದ್ದರೆ ಚಿಂತೆಯಿಲ್ಲ. ಮೂರನೆಯದು, ಕಟ್ಟುವ ಹಣದ ಜೊತೆಗೇ ಕನಿಷ್ಠ ಇಪ್ಪತ್ತು ವರ್ಷಗಳ ನಿರ್ವಹಣೆಯ ಹಣವನ್ನೂ ಹೊಣೆಗಾರರ ಹುದ್ದೆಯನ್ನೂ ಕರಾರಿನಲ್ಲಿ ನಮೂದಿಸಬೇಕು. ಹಣವಿಲ್ಲದಿದ್ದರೆ ಕೃತಿ ಚಿಕ್ಕದಿರಲಿ. ನಾಲ್ಕನೆಯದು, ಕಲಾವಿದರನ್ನು ಕಟ್ಟಡದ ಗುತ್ತಿಗೆಯಿಂದ ಬೇರ್ಪಡಿಸಿ ಬಹಿರಂಗ ಸ್ಪರ್ಧೆಯಿಂದ ಆರಿಸಬೇಕು. ಆರಿಸುವವರಲ್ಲಿ ಕಲಾ ವಿದ್ವಾಂಸರ ಜೊತೆ ಆ ಬೀದಿಯಲ್ಲಿ ಕೊಡ ಹೊರುವವರೂ ಇರಬೇಕು. ಈ ಷರತ್ತುಗಳು ಕಲ್ಪನೆಗೆ ಸಂಕೋಲೆಯಾಗುತ್ತವೆ ಎನ್ನುವವರು ರತನ್ಸೀ ಮೂಲ್ಜೀ ಕಾರಂಜಿಯ ಮುಂದೆ ಐದು ನಿಮಿಷ ನಿಲ್ಲಲಿ.

ಕೊನೆಗೆ ನಮ್ಮ ಸಂಘಗಳ ಬಗ್ಗೆ ಒಂದು ಮಾತು. ಹೊರನಾಡ ಕನ್ನಡಿಗರು ಈ ನಗರಕ್ಕೆ ಕೊಟ್ಟ ಕೊಡುಗೆಗಳಲ್ಲಿ ಉಡುಪಿ ಹೋಟೆಲು ಮುಖ್ಯವಾದುದು. ಅಲ್ಲಿ ಗಿರಾಕಿ ಕೂತೊಡನೆ, ಅವನು ಏನನ್ನೂ ಕೇಳುವ ಮೊದಲೇ, ಮೇಜಿನ ಮೇಲೆ ನೀರಿನ ಲೋಟ ಬರುತ್ತದೆ. ಆ ಲೋಟಕ್ಕೆ ಬಿಲ್ಲಿಲ್ಲ. ಇದನ್ನು ನಾವು ವ್ಯಾಪಾರದ ರೂಢಿಯೆಂದು ತಿಳಿದಿದ್ದರೂ ಅದು ಅರವಟ್ಟಿಗೆಯ ಮುಂದುವರಿಕೆಯೇ. ಬೆಳ್ಳಿಹಬ್ಬ, ಚಿನ್ನದ ಹಬ್ಬಗಳಿಗೆ ಸ್ಮರಣ ಸಂಚಿಕೆ ತರುವ, ಪುತ್ಥಳಿಗಾಗಿ ನಿಧಿ ಕೂಡಿಸುವ ನಮ್ಮ ಸಂಸ್ಥೆಗಳು ಅದರ ಒಂದು ಪಾಲನ್ನು ತಮ್ಮ ಬಾಗಿಲ ಮುಂದಿನ ಬೀದಿಯಲ್ಲಿ ಒಳ್ಳೆಯ ಶಿಲ್ಪಿಯ ಕೈಯಿಂದ ಒಂದು ಅರವಟ್ಟಿಗೆ ಮಾಡಿಸಲು ಏಕೆ ಮೀಸಲಿಡಬಾರದು? ಮರಾಠಿಯಲ್ಲೂ ಕನ್ನಡದಲ್ಲೂ ಅದರ ಮೇಲೆ ನದಿಯ ಹೆಸರಿರಲಿ. ಆಶ್ರಯ ಕೊಟ್ಟ ನೆಲದ ಋಣವನ್ನು ತೀರಿಸಲು ಭಾಷಣಕ್ಕಿಂತ ಅದು ಉತ್ತಮ ದಾರಿ.

ನಾಲ್ಕು ರಸ್ತೆಯ ಆ ಕೂಟದಲ್ಲಿ ಇನ್ನೂ ಏನೂ ಎದ್ದಿಲ್ಲ. ಮುಂದಿನ ಸಭೆ ಕರೆದಾಗ ಹೋಗುವವನಿದ್ದೇನೆ. ಕಲಬುರಗಿಯ ಆ ತಂಗಿಯ ಪ್ರಶ್ನೆಯನ್ನು ಈ ಬಾರಿ ಮುಂದಿನ ಸಾಲಿನಿಂದ ಕೇಳಬೇಕೆಂದಿದ್ದೇನೆ. ನಗುವವರು ನಗಲಿ.